ಊರಿನ ಮ್ಯೂಸಿಯಂ ಬೆಳೆಸುವುದು ಹೇಗೆ? ರಿಜಿಸ್ಟರ್ ಮೊದಲು, ಕಟ್ಟಡ ಆಮೇಲೆ

ಸಣ್ಣ ಊರಿನ ಮ್ಯೂಸಿಯಂನಲ್ಲಿ ಕಾಲಿಡಲು ಜಾಗ ಇಲ್ಲದಂತಾದಾಗ ಎಲ್ಲರೂ ಹೇಳುವುದು ಒಂದೇ ಮಾತು: ಹೊಸ ಕಟ್ಟಡ ಬೇಕು. ಬೇಕಿರಬಹುದು. ಆದರೆ ಇರುವ ಕೋಣೆಯಲ್ಲೇ ಯಾವುದು ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ, ಹೊಸ ಕಟ್ಟಡದಲ್ಲಿ ಆ ಗೋಜಲು ಇನ್ನಷ್ಟು ಅಗಲಕ್ಕೆ ಹರಡಿಕೊಳ್ಳುತ್ತದೆ, ಅಷ್ಟೇ. ದುಡ್ಡು ಕೊಡುವವರೂ ಮೊದಲು ಕೇಳುವುದು ‘ಈಗ ನಿಮ್ಮ ಹತ್ತಿರ ಏನೇನಿದೆ?’ ಎಂದೇ.

ಇರುವುದನ್ನು ಲೆಕ್ಕಕ್ಕೆ ತನ್ನಿ

ಪ್ರತಿ ವಸ್ತುವಿಗೂ ಒಂದು ನಂಬರ್ ಕೊಡಿ. ಅನೇಕ ಮ್ಯೂಸಿಯಂಗಳು ಬಳಸುವ ಕ್ರಮ ಸುಲಭವಾಗಿದೆ. 2025.3.12 ಎಂದರೆ 2025ರಲ್ಲಿ ಬಂದ ಮೂರನೇ ಕೊಡುಗೆಯ ಹನ್ನೆರಡನೇ ವಸ್ತು. ವಸ್ತು ಏನು, ಯಾರು ಕೊಟ್ಟರು, ಎಲ್ಲಿಟ್ಟಿದೆ, ಈಗ ಹೇಗಿದೆ ಎಂದು ರಿಜಿಸ್ಟರ್‌ನಲ್ಲಿ ಬರೆಯಿರಿ. ಹಳೆ ಪತ್ರಗಳ ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲ್‌ನಿಂದ ನಂಬರ್ ಹಾಕಿ. ಬಟ್ಟೆಯಾದರೆ ಹತ್ತಿಯ ಪಟ್ಟಿಯ ಮೇಲೆ ಬರೆದು ಒಂದೆರಡು ಹೊಲಿಗೆ ಹಾಕಿದರೆ ಸಾಕು. ಬಾಲ್ ಪೆನ್, ಅಂಟು ಟೇಪ್ ಹತ್ತಿರ ಸುಳಿಯುವುದೇ ಬೇಡ. ರಿಜಿಸ್ಟರ್‌ನ ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಇರಲಿ.

ಸಾಮಾನು ಕೋಣೆಯನ್ನು ಸರಿಮಾಡಲು ‘ರಿ-ಆರ್ಗ್’ ಎಂಬ ವಿಧಾನವಿದೆ. ಪರಂಪರೆಯ ವಸ್ತುಗಳ ಸಂರಕ್ಷಣೆಗಾಗಿ ಇರುವ ಅಂತಾರಾಷ್ಟ್ರೀಯ ಸಂಸ್ಥೆ ಇಕ್ರೋಮ್ ಮತ್ತು ಯುನೆಸ್ಕೋ ಇದನ್ನು ಸಣ್ಣ ಮ್ಯೂಸಿಯಂಗಳಿಗೆಂದೇ ರೂಪಿಸಿದವು. ಅದರ ಎರಡು ಅಳತೆಗೋಲು ನನಗೆ ಬಹಳ ಇಷ್ಟ. ಯಾವ ವಸ್ತು ಕೇಳಿದರೂ ಮೂರು ನಿಮಿಷದೊಳಗೆ ಸಿಗಬೇಕು. ಅದನ್ನು ತೆಗೆಯಲು ಬೇರೆ ಎರಡಕ್ಕಿಂತ ಜಾಸ್ತಿ ವಸ್ತು ಸರಿಸಬೇಕಾಗಿ ಬರಬಾರದು. ನಿಮ್ಮ ಕೋಣೆಯಲ್ಲಿ ಇವತ್ತೇ ಪರೀಕ್ಷೆ ಮಾಡಿ ನೋಡಿ. ಇದಕ್ಕೆ ಬೇಕಾಗಿರುವುದು ನಾಲ್ಕಾರು ಜೊತೆ ಕೈಗಳು, ಒಂದಿಷ್ಟು ಕಪಾಟು. ಊರಿನವರನ್ನು ಕರೆಯಲು ಇದಕ್ಕಿಂತ ಒಳ್ಳೆಯ ಮೊದಲ ಕೆಲಸ ಇಲ್ಲ.

ಏನು ಬೇಕೆಂದು ಊರನ್ನೇ ಕೇಳಿ

ವಾಷಿಂಗ್ಟನ್‌ನ ಅನಾಕೋಸ್ಟಿಯಾ ಬಡಾವಣೆಯಲ್ಲಿ 1967ರಲ್ಲಿ ಹಳೆಯ ಸಿನಿಮಾ ಮಂದಿರವೊಂದು ಮ್ಯೂಸಿಯಂ ಆಯಿತು. ಅದರ ನಿರ್ದೇಶಕ ಜಾನ್ ಕಿನಾರ್ಡ್. 1969ರಲ್ಲಿ ಅಲ್ಲಿ ನಡೆದ ಒಂದು ಪ್ರದರ್ಶನದ ವಿಷಯ ಏನು ಗೊತ್ತಾ? ಇಲಿಗಳು! ಆ ಬಡಾವಣೆಯ ಜನರನ್ನು ದಿನಾ ಕಾಡುತ್ತಿದ್ದ ಸಮಸ್ಯೆ ಅದು. ಮ್ಯೂಸಿಯಂ ತಮ್ಮದು ಅಂತ ಜನರಿಗೆ ಅನಿಸುವುದು ಹೀಗೆ. ಅಂತಾರಾಷ್ಟ್ರೀಯ ಮ್ಯೂಸಿಯಂ ಮಂಡಳಿ 2022ರಲ್ಲಿ ಒಪ್ಪಿದ, ಮ್ಯೂಸಿಯಂ ಎಂದರೇನು ಎಂಬ ಹೊಸ ವ್ಯಾಖ್ಯೆಯಲ್ಲೂ ಸಮುದಾಯದ ಪಾಲ್ಗೊಳ್ಳುವಿಕೆಯ ಮಾತಿದೆ.

ಸುಮ್ನೆ ‘ಸಲಹೆ ಕೊಡಿ’ ಎಂದು ಡಬ್ಬಿ ಇಟ್ಟರೆ ಏನೂ ಬರುವುದಿಲ್ಲ. ಅದರ ಬದಲು ಹೆಸರು ಗೊತ್ತಿಲ್ಲದ ಹಳೆ ಫೋಟೊಗಳನ್ನು ಮೇಜಿನ ಮೇಲೆ ಹರಡಿ, ಹಿರಿಯರನ್ನು ಕರೆಯಿರಿ. ಮೂಲ ಫೋಟೊ ಬೇಡ, ಪ್ರತಿಗಳಿರಲಿ. ‘ಇವನು ನಮ್ಮ ಚಿಕ್ಕಪ್ಪ’ ಎಂಬಲ್ಲಿಂದ ಶುರುವಾದ ಮಾತು ಮುಚ್ಚಿಹೋದ ಕಾರ್ಖಾನೆಗೋ, ದಡ ಮೀರಿದ ಹೊಳೆಗೋ ಹೋಗಿ ನಿಲ್ಲುತ್ತದೆ. ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ರೆಕಾರ್ಡ್ ಮಾಡಿ. ಯಾವ ಭಾಗ ಹೊರಗೆ ಹೋಗಬಾರದು ಎಂದು ಹೇಳುವ ಹಕ್ಕು ಅವರಿಗಿದೆ.

ಬೇಡ ಎನ್ನುವುದಕ್ಕೂ ನಿಯಮ ಬೇಕು

ಹೆಚ್ಚಿನ ಸಣ್ಣ ಮ್ಯೂಸಿಯಂಗಳು ಎಡವುವುದು ಇಲ್ಲೇ. ಯಾರೋ ಅಟ್ಟ ಖಾಲಿ ಮಾಡುತ್ತಾರೆ, ಹಳೆ ಹೊಲಿಗೆ ಯಂತ್ರ ನಿಮ್ಮ ಬಾಗಿಲಿಗೆ ಬರುತ್ತದೆ. ಅಂಥವು ಆಗಲೇ ನಾಲ್ಕು ಇವೆ. ಬೇಡ ಎಂದರೆ ಬೇಜಾರು, ತೆಗೆದುಕೊಂಡರೆ ಜಾಗವಿಲ್ಲ. ಏನನ್ನು ಸಂಗ್ರಹಿಸುತ್ತೇವೆ ಎಂದು ಒಂದೇ ಪುಟದಲ್ಲಿ ಬರೆದು ಗೋಡೆಗೆ ಹಾಕಿ. ಆಗ ಬೇಡ ಎನ್ನುವುದು ಒಬ್ಬರ ಮಾತಾಗುವುದಿಲ್ಲ, ಮ್ಯೂಸಿಯಂನ ನಿಯಮವಾಗುತ್ತದೆ.

ತೆಗೆದುಕೊಂಡ ಪ್ರತಿ ವಸ್ತುವಿಗೂ ಕೊಡುಗೆ ಪತ್ರಕ್ಕೆ ಸಹಿ ಇರಲಿ. ‘ಶಾಶ್ವತವಾಗಿ ಎರವಲು’ ಎಂಬುದನ್ನು ಖಂಡಿತ ಒಪ್ಪಬೇಡಿ. ಇಪ್ಪತ್ತು ವರ್ಷ ಕಳೆದ ಮೇಲೆ ಮೊಮ್ಮಕ್ಕಳು ಬಂದು ಕೇಳಿದರೆ ಉತ್ತರ ಇರುವುದಿಲ್ಲ. ಎರವಲಾದರೆ ವಾಪಸ್ ಕೊಡುವ ತಾರೀಕು ಬರೆಯಿರಿ. ‘ಯಾವಾಗಲೂ ಪ್ರದರ್ಶನದಲ್ಲೇ ಇರಬೇಕು’ ಎಂಬ ಷರತ್ತೂ ಬೇಡ. ಹಳೆ ಬಟ್ಟೆ, ಜಲವರ್ಣ ಚಿತ್ರಗಳನ್ನು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕಿನಲ್ಲಿ ಇಡಬಾರದು ಎಂಬುದು ಸಾಮಾನ್ಯ ನಿಯಮ. ಅಷ್ಟು ಮಂದ ಬೆಳಕಿನಲ್ಲೂ ಅವು ನಿಧಾನವಾಗಿ ಮಾಸುತ್ತವೆ. ಅವಕ್ಕೂ ಕತ್ತಲಲ್ಲಿ ರಜೆ ಬೇಕು.

ದುಡ್ಡು ಮತ್ತು ಜಾಗ

ಕಟ್ಟಡಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ, ಕಲ್ಲಿನ ಮೇಲೆ ಹೆಸರು ಬರುತ್ತದಲ್ವಾ! ಕರೆಂಟ್ ಬಿಲ್ಲಿಗೆ ಯಾರೂ ಸಿಗುವುದಿಲ್ಲ. ಹಾಗಾಗಿ ನಡೆಸುವ ಖರ್ಚಿನ ನಿಧಿಯನ್ನು ಬೇರೆ ಇಡಿ. ಒಮ್ಮೆ ದೊಡ್ಡ ಮೊತ್ತ ಕೊಡುವ ಒಬ್ಬರಿಗಿಂತ, ವರ್ಷವರ್ಷವೂ ಸಣ್ಣ ಮೊತ್ತ ಕೊಡುವ ಸದಸ್ಯರು ಹೆಚ್ಚು ಉಪಯೋಗ. ವರ್ಷದ ಲೆಕ್ಕವನ್ನು ಎಲ್ಲರೂ ಓದುವಂತೆ ಬಾಗಿಲಲ್ಲೇ ಅಂಟಿಸಿ.

ಕಟ್ಟುವ ಮೊದಲು ಎರವಲು ಜಾಗಗಳನ್ನು ಬಳಸಿ ನೋಡಿ. ಗ್ರಂಥಾಲಯದ ಒಂದು ಮೂಲೆ, ಶಾಲೆಯ ಪಡಸಾಲೆ, ಖಾಲಿ ಅಂಗಡಿಯ ಕಿಟಕಿ, ಯಾವುದಾದರೂ ಸರಿ. ಜನ ಎಲ್ಲಿ ನಿಂತು ಓದುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ನಕ್ಷೆ ಮಾಡುವವರ ಹತ್ತಿರ ಹೋಗಿ. ಅವರು ಪ್ರದರ್ಶನದ ಹಾಲ್ ಬಗ್ಗೆ ಮಾತಾಡುತ್ತಾರೆ, ನೀವು ಸಾಮಾನು ಕೋಣೆಯ ಬಗ್ಗೆ ಹಟ ಹಿಡಿಯಿರಿ. ಅದು ನೆಲಮಾಳಿಗೆಯಲ್ಲಿ ಬೇಡ, ನೀರು ನುಗ್ಗುತ್ತದೆ. ಬಿಸಿಲಿಗೆ ಕಾಯುವ ಸೂರಿನ ಕೆಳಗೂ ಬೇಡ. ಅದರ ಮೇಲೆ ನೀರಿನ ಪೈಪ್ ಹಾದು ಹೋಗಬಾರದು. ಹೊಸದಾಗಿ ಬಂದ ವಸ್ತುಗಳಲ್ಲಿ ಹುಳು ಇದೆಯಾ ಎಂದು ನೋಡಲು, ಬಾಗಿಲು ಮುಚ್ಚುವ ಒಂದು ಪುಟ್ಟ ಕೋಣೆ ಬೇರೆಯೇ ಇರಲಿ.