ಕೆರೆ ಹೂಳಿನಲ್ಲಿ ಸಿಕ್ಕ ಸರ್ವೆ ಪರಾಗ

ಬಯಲುಸೀಮೆಯ ಒಂದು ಹಳೇ ಊರದಿಬ್ಬದ ಪಕ್ಕ ಬತ್ತಿದ ಕೆರೆಯಿದೆ. ಹೂಳಿನಲ್ಲಿ ಉಳಿದ ಪರಾಗ ನೋಡಿ ಅಂದು ಅಲ್ಲಿ ಯಾವ ಗಿಡಮರ ಇದ್ದವು ಅಂತ ತಿಳಿಯಲು, ಎದೆಮಟ್ಟದ ಗುಂಡಿ ತೋಡಿ, ಸಾವಿರ ವರ್ಷಕ್ಕೂ ಹಳೆಯದು ಅಂದುಕೊಂಡಿದ್ದ ಪದರದಿಂದ ಹೂಳು ತಂದಿದ್ದೆ. ಮೊದಲ ಸ್ಲೈಡಿನಲ್ಲೇ ಸರ್ವೆ ಮರದ ಪರಾಗ ಕಣ್ಣಿಗೆ ಬಿತ್ತು. ಒಂದಲ್ಲ, ನಾಲ್ಕು. ಎದೆ ಧಸಕ್ಕೆಂದಿತು. ಸರ್ವೆ ನಮ್ಮ ಕಡೆಯ ಮರ ಅಲ್ಲ. 19ನೇ ಶತಮಾನದಲ್ಲಿ ಕಾರವಾರದ ಕರಾವಳಿಯಲ್ಲಿ ನೆಟ್ಟ ಮೇಲೆ ಬಂದದ್ದು. ಸಾವಿರ ವರ್ಷದ ಮಣ್ಣಿನೊಳಗೆ ಅದಕ್ಕೇನು ಕೆಲಸ?

ತಪ್ಪು ನನ್ನದೇ. ಗುಂಡಿಯ ಗೋಡೆಯನ್ನು ರಾತ್ರಿಯಿಡೀ ತೆರೆದೇ ಬಿಟ್ಟಿದ್ದೆ. ಏರಿ ಮೇಲೆ ಸರ್ವೆ ತೋಪು, ಸುಮ್ನೆ ಬೀಸುವ ಗಾಳಿ. ಬೆಳಿಗ್ಗೆ ಮೇಲಿನಿಂದ ಕೆಳಕ್ಕೆ ಮಣ್ಣು ತೆಗೆಯುತ್ತಾ ಬಂದೆ. ಮೇಲಿನ ಪುಡಿಯೆಲ್ಲ ಕೆಳಗಿನ ಪದರಕ್ಕೆ ಉದುರಿತು. ಕರಣೆಯನ್ನೂ ತೊಳೆದಿರಲಿಲ್ಲ.

ಮತ್ತೆ ಹೋದೆ. ಈ ಸಲ ಗೋಡೆಯನ್ನು ಅಡ್ಡಡ್ಡಲಾಗಿ ಕೆರೆದು ಹೊಸ ಮೈ ತೆರೆದೆ. ತಳದಿಂದ ಶುರು ಮಾಡಿ ಮೇಲಕ್ಕೆ ಬಂದೆ. ಪ್ರತಿ ಸಲವೂ ಡಿಸ್ಟಿಲ್ಡ್ ನೀರಿನಲ್ಲಿ ಕರಣೆ ತೊಳೆದೆ. ಸುತ್ತಮುತ್ತ ಹತ್ತಾರು ಕಡೆ ನೆಲದ ಮೇಲಿನ ಚಿಟಿಕೆ ಮಣ್ಣನ್ನೂ ಕೂಡಿಸಿಕೊಂಡೆ. ಇವತ್ತು ಅಲ್ಲಿ ಏನು ಉದುರುತ್ತಿದೆ ಅಂತ ಗೊತ್ತಿಲ್ಲದೆ ಅಂದು ಏನಿತ್ತು ಅಂತ ಹೇಳಲಾಗದು, ಅಲ್ವಾ?

ಲ್ಯಾಬ್ ಕೆಲಸಕ್ಕೆ ಎರಡು ದಿನ. ಹೈಡ್ರೋಕ್ಲೋರಿಕ್ ಆಸಿಡ್ ಸುಣ್ಣವನ್ನು ಕರಗಿಸುತ್ತದೆ, ಹೈಡ್ರೋಫ್ಲೋರಿಕ್ ಆಸಿಡ್ ಮರಳನ್ನು. ಎರಡನೆಯದು ಚರ್ಮದೊಳಗೆ ಇಳಿದು ಮೂಳೆವರೆಗೂ ಹೋಗುತ್ತದೆ. ವಿಷದ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್, ದಪ್ಪ ಕೈಗವಸು, ತಾಗಿದರೆ ಹಚ್ಚಲು ಕೈಗೆಟುಕುವಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇಲ್ಲದೆ ನಾನು ಅದರ ಬಾಟಲಿ ಮುಟ್ಟುವುದಿಲ್ಲ. ಕೊನೆಗೆ ಒಂಬತ್ತು ಪಾಲು ಅಸಿಟಿಕ್ ಅನ್‌ಹೈಡ್ರೈಡ್, ಒಂದು ಪಾಲು ಸಲ್ಫ್ಯೂರಿಕ್ ಆಸಿಡ್. ಕಸಕಡ್ಡಿಯೆಲ್ಲ ಹೋಗಿ ಪರಾಗದ ಹೊರಚಿಪ್ಪು ಉಳಿಯುತ್ತದೆ. ಇಷ್ಟಕ್ಕೂ ಜಗ್ಗದ ಚಿಪ್ಪು ಅದು! ಆದರೆ ಬೆಂಕಿ ತಡೆಯದು. ಬಳ್ಳಾರಿ ಕಡೆಯ ಬೂದಿದಿಬ್ಬಗಳಲ್ಲಿ, ಅಂದರೆ ಹಳೇ ಕಾಲದ ಸಗಣಿ ರಾಶಿ ಸುಟ್ಟು ಆದ ದಿಬ್ಬಗಳಲ್ಲಿ, ಎಲ್ಲ ಉರಿದು ಹೋಗಿದೆ, ಅಲ್ಲಿ ಪರಾಗ ಹುಡುಕುವುದಕ್ಕಿಂತ ಹುಲ್ಲಿನ ಸಿಲಿಕಾ ಕಣ ಹುಡುಕುವುದೇ ಮೇಲು.

ಮೈಕ್ರೋಸ್ಕೋಪಿನ ಮುಂದೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕರಿಜಾಲಿಯದು ಹಲವು ಕಣ ಅಂಟಿಕೊಂಡ ಉಂಡೆ, ಹೊಲಿದ ಚೆಂಡಿನಂತೆ. ದಂಟು ಸೊಪ್ಪಿನದು ಮೈಯೆಲ್ಲ ತೂತು. ಹುಲ್ಲಿನದು ದುಂಡಗೆ, ಒಂದೇ ತೂತು, ಅದರ ಸುತ್ತ ಬಳೆಯಂಥ ಅಂಚು. ರಾಗಿ, ನವಣೆಯ ಪರಾಗವೂ ಕಾಡುಹುಲ್ಲಿನ ಹಾಗೇ ಕಾಣುತ್ತದೆ. ಅದಕ್ಕೇ ಬರೀ ಹುಲ್ಲಿನ ಪರಾಗ ನೋಡಿ 'ಇಲ್ಲಿ ರಾಗಿ ಬೆಳೆದಿದ್ದರು' ಅಂತ ನಾನು ಬರೆಯುವುದಿಲ್ಲ, ಯಾರು ಎಷ್ಟೇ ಒತ್ತಾಯ ಮಾಡಲಿ.

ಅದೇ ಆಳದ ಹೊಸ ಮಣ್ಣಿನಲ್ಲಿ 300 ಪರಾಗ ಎಣಿಸಿದೆ. ಸರ್ವೆ ಒಂದೂ ಇರಲಿಲ್ಲ. ಅದು ಇದ್ದದ್ದು ಮೇಲಿನ ಒಂದು ಗೇಣಿನಲ್ಲಿ ಮಾತ್ರ.

ಅಪರಾಧ ತನಿಖೆಯಲ್ಲೂ ಇದೇ ಎಚ್ಚರ ಬೇಕು. 1959ರಲ್ಲಿ ಆಸ್ಟ್ರಿಯಾದಲ್ಲಿ ಒಬ್ಬ ಕಾಣೆಯಾದ, ಶವ ಸಿಗಲಿಲ್ಲ. ಶಂಕಿತನ ಬೂಟಿನ ಕೆಸರಿನಲ್ಲಿ ಪರಾಗತಜ್ಞ ವಿಲ್ಹೆಲ್ಮ್ ಕ್ಲೌಸ್ ಅವರಿಗೆ ಈಗಿನ ಮರಗಳ ಪರಾಗದ ಜೊತೆ ಸುಮಾರು 2 ಕೋಟಿ ವರ್ಷ ಹಳೆಯ ಹಿಕರಿ ಮರದ ಪರಾಗವೂ ಸಿಕ್ಕಿತು. ಈ ಎರಡೂ ಸೇರುವ ಜಾಗ ಡ್ಯಾನ್ಯೂಬ್ ನದಿ ಬಳಿ ತೀರಾ ಚಿಕ್ಕದು. ಅದನ್ನು ಮುಂದಿಟ್ಟಾಗ ಶಂಕಿತ ಒಪ್ಪಿಕೊಂಡು ಶವ ಹೂತ ಜಾಗ ತೋರಿಸಿದ.

ಇದನ್ನು ಓದಿ ನಾನೂ ಗೆಳೆಯರ ಚಪ್ಪಲಿಯಲ್ಲಿ ಅಭ್ಯಾಸ ಮಾಡಿದೆ. ಮೂವರು ಮೂರು ಕಡೆ ನಡೆದು ಬರಬೇಕು, ಯಾರು ಎಲ್ಲಿಗೆ ಹೋಗಿದ್ದರು ಅಂತ ನಾನು ಹೇಳಬೇಕು. ಒಬ್ಬನ ಚಪ್ಪಲಿಯಲ್ಲಿ ಕರಿಜಾಲಿ ಉಂಡೆಗಳೇ ಜಾಸ್ತಿ. ಅವು ಭಾರ, ದೂರ ಹಾರುವುದಿಲ್ಲ. ಅವನು ಕೆರೆ ಏರಿಯ ಜಾಲಿಸಾಲಿನಲ್ಲೇ ಓಡಾಡಿದ್ದ. ಉಳಿದಿಬ್ಬರ ಚಪ್ಪಲಿ ಒಂದೇ ಚೀಲದಲ್ಲಿ ಬಂದಿತ್ತು, ಎರಡರ ಮಣ್ಣೂ ಬೆರೆತು ಏನೂ ಹೇಳಲಾಗಲಿಲ್ಲ. ಆಮೇಲೆ ಒಂದೊಂದು ಚಪ್ಪಲಿಗೂ ಬೇರೆ ಬೇರೆ ಕಾಗದದ ಕವರ್ ಇಟ್ಟೆ. ಪ್ಲಾಸ್ಟಿಕ್ ಬೇಡ, ತೇವ ನಿಂತು ಬೂಷ್ಟು ಹಿಡಿಯುತ್ತದೆ.