ಹುಡುಕಲು ಗೂಗಲ್ ಒಂದೇ ಸಾಲದು

ನಮ್ಮಲ್ಲಿ ಬಹಳ ಮಂದಿ ಗೂಗಲ್‌ನಲ್ಲಿ ಮೊದಲು ಕಂಡದ್ದನ್ನೇ ಒತ್ತಿಬಿಡುತ್ತಾರೆ. ಬ್ಯಾಂಕಿನ ಸಹಾಯವಾಣಿ ನಂಬರ್ ಹುಡುಕುವಾಗ ಇದು ನಿಜಕ್ಕೂ ಅಪಾಯ. ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ವಂಚಕರು ಸುಳ್ಳು ನಂಬರ್‌ಗಳನ್ನೂ ಹೀಗೇ ತೂರಿಸುತ್ತಾರೆ. ನಂಬರನ್ನು ಪಾಸ್‌ಬುಕ್ಕಿನಿಂದಲೋ ಕಾರ್ಡಿನ ಹಿಂಬದಿಯಿಂದಲೋ ತೆಗೆದುಕೊಳ್ಳಿ. ಮನೆಯ ಹಿರಿಯರಿಗೂ ದಯವಿಟ್ಟು ಹೇಳಿ.

ಹಾಗಂತ ಗೂಗಲ್ ಬೇಡ ಎನ್ನುತ್ತಿಲ್ಲ. ಕನ್ನಡದಲ್ಲಿ ಹುಡುಕಲು, ಹತ್ತಿರದ ಅಂಗಡಿ, ದಾರಿ ತಿಳಿಯಲು ನನ್ನ ಮಟ್ಟಿಗೆ ಅದೇ ಮುಂದೆ. ಆದರೆ ನೀವು ಹುಡುಕಿದ್ದರ ಆಧಾರದ ಮೇಲೆ ಜಾಹೀರಾತು ತೋರಿಸುತ್ತದೆ. ಕಾಯಿಲೆ, ಸಾಲದಂಥ ಖಾಸಗಿ ವಿಷಯಕ್ಕೆ ನಾನು ಡಕ್‌ಡಕ್‌ಗೋ ಎಂಬ ಇನ್ನೊಂದು ಹುಡುಕು ತಾಣ ಬಳಸುತ್ತೇನೆ. ಅದು ಹುಡುಕಾಟದ ಇತಿಹಾಸವನ್ನು ನಿಮ್ಮ ಗುರುತಿಗೆ ಜೋಡಿಸಿ ಇಡುವುದಿಲ್ಲ. ಅದರ ಸಾಮಾನ್ಯ ಫಲಿತಾಂಶಗಳು ಬಹುಪಾಲು ಮೈಕ್ರೋಸಾಫ್ಟ್‌ನ ಹುಡುಕು ತಾಣ ಬಿಂಗ್‌ನಿಂದ ಬರುತ್ತವೆ. ಹಾಗಾಗಿ ಬಿಂಗ್‌ನಲ್ಲಿ ಸಿಗದ್ದನ್ನು ಅಲ್ಲಿ ಹುಡುಕಿ ಹೆಚ್ಚು ಪ್ರಯೋಜನವಿಲ್ಲ. ಬೇರೆಯದೇ ನೋಟ ಬೇಕಾದರೆ ಸ್ವಂತ ಸೂಚಿಯಿರುವ (ಅಂದರೆ ಜಾಲತಾಣಗಳ ಪಟ್ಟಿಯನ್ನು ತಾನೇ ಮಾಡಿಟ್ಟುಕೊಂಡಿರುವ) ಬ್ರೇವ್ ಸರ್ಚ್ ನೋಡಿ, ಕನ್ನಡದ ವಿಷಯ ಮಾತ್ರ ಅಲ್ಲಿ ಕಡಿಮೆ ಅನ್ನಿಸಿದೆ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ಮಾತು. 'ರಾಗಿಯಲ್ಲಿನ ರೋಗಗಳಿಗೆ' ಎಂದು ಬರೆಯುವ ಬದಲು 'ರಾಗಿ ರೋಗ' ಎಂದು ಮೂಲಪದಗಳನ್ನೇ ಹಾಕಿ, ಎಷ್ಟೋ ವಾಸಿ. ಸಿಗದಿದ್ದರೆ ಅದನ್ನೇ ಇಂಗ್ಲಿಷಿನಲ್ಲಿ ಕೇಳಿ. ಪೂರ್ತಿ ಸಾಲು ಹಾಗೆಯೇ ಬೇಕಿದ್ದರೆ ಎರಡೂ ಬದಿಗೆ ಜೋಡಿ ಉದ್ಧರಣ ಚಿಹ್ನೆ ಹಾಕಿ. ಸರ್ಕಾರಿ ಯೋಜನೆಗಳ ವಿಳಾಸ ತೆರೆಯುವಾಗ ಕೊನೆಗೆ 'ಜಿಒವಿ ಡಾಟ್ ಇನ್' (gov.in) ಇದೆಯೇ ಎಂದು ನೋಡಿಕೊಂಡೇ ಆಧಾರ್ ನಂಬರ್ ತುಂಬಿ.