ಅರಸೀಕೆರೆಯ ಕೊಬ್ಬರಿಯಿಂದ ಚಾಕೊಲೇಟ್ ಬಾರ್ ಮಾಡುವ ಕ್ರಮ

ಒಳಗೆ ಬಿಳಿಯ ಕೊಬ್ಬರಿ, ಹೊರಗೆ ಚಾಕೊಲೇಟಿನ ಹೊದಿಕೆ ಇರುವ ಬಾರ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬೌಂಟಿ. ಅದನ್ನು ಮಾರ್ಸ್ ಕಂಪನಿ ಬ್ರಿಟನ್ನಿನಲ್ಲಿ 1951ರಲ್ಲಿ ಮಾರುಕಟ್ಟೆಗೆ ತಂದಿತು. ಆದರೆ ಈ ಬಗೆಯ ತಿನಿಸು ಅದಕ್ಕಿಂತ ಮೂರು ದಶಕ ಹಳೆಯದು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಪಟ್ಟಣದಲ್ಲಿ, ಅರ್ಮೇನಿಯಾದಿಂದ ವಲಸೆ ಬಂದಿದ್ದ ಪೀಟರ್ ಪಾಲ್ ಹಲಾಜಿಯನ್ ತನ್ನ ನಾಡಿನವರೇ ಆದ ಕೆಲವರನ್ನು ಕೂಡಿಕೊಂಡು 1919ರಲ್ಲಿ ಕಂಪನಿಯೊಂದನ್ನು ಕಟ್ಟಿದರು. ಮರುವರ್ಷವೇ ಅವರು ಕಪ್ಪು ಚಾಕೊಲೇಟ್ ಹೊದಿಸಿದ ಮೌಂಡ್ಸ್ ಎಂಬ ಕೊಬ್ಬರಿ ಬಾರನ್ನು 5 ಸೆಂಟಿಗೆ ಮಾರತೊಡಗಿದರು. ಮೇಲೆ ಬಾದಾಮಿ ಕೂರಿಸಿದ ಆಲ್ಮಂಡ್ ಜಾಯ್ 1946ರಲ್ಲಿ ಬಂದಿತು. ತೆಂಗು ಬೆಳೆಯದ ಊರಿನಲ್ಲಿ ಕೊಬ್ಬರಿಯನ್ನೇ ನಂಬಿ ನಡೆಸಿದ ವ್ಯಾಪಾರವಾದ್ದರಿಂದ, ಎರಡನೆಯ ಮಹಾಯುದ್ಧದಲ್ಲಿ ಫಿಲಿಪೀನ್ಸಿನ ಸರಬರಾಜು ನಿಂತಾಗ ಆ ಕಂಪನಿ ಕೆರಿಬಿಯನ್ ದ್ವೀಪಗಳತ್ತ ಮುಖ ಮಾಡಬೇಕಾಯಿತು. ಹಾಸನ ಜಿಲ್ಲೆಯವರಿಗೆ ಅಂಥ ತಾಪತ್ರಯವಿಲ್ಲ. ನಮ್ಮ ಕಷ್ಟ ಏನಿದ್ದರೂ ಚಾಕೊಲೇಟಿನ ಕಡೆಯದು.

ಮೊದಲು ಕೊಬ್ಬರಿಯ ವಿಚಾರ. ಅರಸೀಕೆರೆ, ತಿಪಟೂರು ಕಡೆಯ ಉಂಡೆ ಕೊಬ್ಬರಿ ಬಿಸಿಲಿಗೆ ಹರವಿ ಒಣಗಿಸಿದ್ದಲ್ಲ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಹಾಗೆಯೇ ಇರಿಸಿದಾಗ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ನೀರಿನ ಸಪ್ಪಳದ ಬದಲು ಉಂಡೆ ಉರುಳಿ ಚಿಪ್ಪಿಗೆ ಬಡಿಯುವ ಗಟ್ಟಿ ಸದ್ದು ಕೇಳುತ್ತದೆ. ನಮ್ಮ ಬಾರಿಗೆ ಬೇಕಾದದ್ದು ಇಂಥದೇ ಕೊಬ್ಬರಿ. ಹಸಿ ಕಾಯಿತುರಿಯಲ್ಲಿ ಉಳಿಯುವ ನೀರಿನಂಶದಿಂದ ಹೂರಣಕ್ಕೆ ಬೂಷ್ಟು ಹಿಡಿಯುತ್ತದೆ. ಕೊಳ್ಳುವಾಗ ಒಂದು ಹೋಳನ್ನು ಮುರಿದು ಮೂಸಿ ನೋಡಿ, ಕಮಟು ವಾಸನೆ ಬಂದರೆ ಬಿಟ್ಟುಬಿಡಿ, ಏಕೆಂದರೆ ಚಾಕೊಲೇಟ್ ಅದನ್ನು ಮುಚ್ಚುವುದಿಲ್ಲ. ಕಂದು ಸಿಪ್ಪೆಯನ್ನು ಹೆರೆದು ತೆಗೆದು, ತುರಿಮಣೆಯಲ್ಲಿ ಸಣ್ಣಗೆ ತುರಿಯಿರಿ. ಮಿಕ್ಸಿಯಲ್ಲಿ ಹೆಚ್ಚು ಹೊತ್ತು ತಿರುಗಿಸಿದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ.

200 ಗ್ರಾಂ ತುರಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಬಣ್ಣ ತಿರುಗದಂತೆ, ಎರಡು ಮೂರು ನಿಮಿಷ ಬೆಚ್ಚಗೆ ಮಾಡಿ. ಒಲೆಯಿಂದ ಇಳಿಸಿ 200 ಗ್ರಾಂ ಸಿಹಿ ಕಂಡೆನ್ಸ್ಡ್ ಮಿಲ್ಕ್ ಮತ್ತು ಒಂದು ಚಿಟಿಕೆ ಉಪ್ಪನ್ನು ಸೇರಿಸಿ ಕಲಸಿ. ಇಷ್ಟರವರೆಗೆ ಇದು ನಮ್ಮ ಕೊಬ್ಬರಿ ಮಿಠಾಯಿಯ ಹತ್ತಿರದ ನೆಂಟನೇ ಸರಿ, ಆದರೆ ಪಾಕ ಮಾಡಿ ಗಟ್ಟಿಗೊಳಿಸುವ ಹಂತ ಇಲ್ಲಿಲ್ಲ, ಹೂರಣ ಕಚ್ಚಿದರೆ ಮೆತ್ತಗೇ ಇರಬೇಕು. ಏಲಕ್ಕಿ ಹಾಕುವ ಆಸೆ ಸಹಜವಾದರೂ ಚಾಕೊಲೇಟಿನ ಜೊತೆ ಅದು ಮೇಲುಗೈ ಸಾಧಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಬೆರಳುದ್ದದ, ತಲಾ 20 ಗ್ರಾಂ ತೂಗುವ ಉಂಡೆಗಳನ್ನು ಒತ್ತಿ ಕಟ್ಟಿ, ಬಿರುಕುಗಳನ್ನು ಬೆರಳಿನಿಂದ ಸವರಿ ಮುಚ್ಚಿ, ಒಂದು ಗಂಟೆ ಫ್ರಿಜ್ಜಿನಲ್ಲಿಡಿ.

ಹೊದಿಕೆಗೆ 350 ಗ್ರಾಂ ಕಪ್ಪು ಚಾಕೊಲೇಟ್ ಬೇಕು. ಅಯ್ಯಂಗಾರ್ ಬೇಕರಿಯವರ ತವರಾದ ಹಾಸನದಲ್ಲಿ ಬೇಕರಿ ಸಾಮಾನು ಸುಲಭವಾಗಿ ಸಿಗುತ್ತದೆಯಾದರೂ, ಅಗ್ಗದ ಗಟ್ಟಿಗಳು ಬಹುತೇಕ ಕಾಂಪೌಂಡ್ ಆಗಿರುತ್ತವೆ, ಎಂದರೆ ಅವುಗಳಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬಿರುತ್ತದೆ. ಅದನ್ನು ಕರಗಿಸಿ ಅದ್ದಿದರೆ ಸಾಕು, ಮುಂದೆ ಹೇಳುವಂತೆ ಬಿಸಿ ಮಾಡಿ ತಣಿಸಿ ಹದಕ್ಕೆ ತರುವುದು ಬೇಕಿಲ್ಲ. ಆದರೆ ಬಾಯಲ್ಲಿ ಮೇಣದಂತೆ ಅಂಟುತ್ತದೆ. ಬಾರ್ ಎಂಬ ವಸ್ತು ಹುಟ್ಟಿದ್ದೇ ಕೋಕೋ ಬೆಣ್ಣೆಯಿಂದ. ಕೋಕೋದಿಂದ ಬೆಣ್ಣೆಯನ್ನು ಹಿಂಡಿ ಬೇರ್ಪಡಿಸುವ ವಿಧಾನಕ್ಕೆ ಹಾಲೆಂಡಿನ ವಾನ್ ಹೌಟನ್ 1828ರಲ್ಲಿ ಪೇಟೆಂಟ್ ಪಡೆದ ಮೇಲೆ, ಆ ಬೆಣ್ಣೆಯನ್ನು ಮತ್ತೆ ಕೋಕೋ ಮತ್ತು ಸಕ್ಕರೆಗೆ ಬೆರೆಸಿ ಅಚ್ಚಿಗೆ ಹೊಯ್ಯುವುದನ್ನು ಬ್ರಿಸ್ಟಲಿನ ಫ್ರೈ ಕಂಪನಿ 1847ರಲ್ಲಿ ಸಾಧಿಸಿತು. ಆದ್ದರಿಂದ ಪೊಟ್ಟಣದ ಹಿಂಬದಿಯನ್ನು ಓದಿ, ಕೋಕೋ ಬೆಣ್ಣೆ ಇರುವುದನ್ನೇ ಆರಿಸಿ. ಘಟ್ಟದ ಕೆಳಗಿನ ಪುತ್ತೂರಿನಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದ್ದು, ಅಡಿಕೆ ತೋಟಗಳ ನಡುವೆ ಬೆಳೆದ ಕೋಕೋ ಅಲ್ಲಿಗೆ ಹೋಗುತ್ತದೆ.

ಇನ್ನು ಹದ ಮಾಡುವ ಕೆಲಸ, ಎಲ್ಲಕ್ಕಿಂತ ನಾಜೂಕಿನದು. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು, ಅವುಗಳಲ್ಲಿ ಐದನೆಯದು ಮಾತ್ರ ಹೊಳಪನ್ನೂ ಮುರಿದಾಗ ಟಕ್ಕೆನ್ನುವ ಗುಣವನ್ನೂ ಕೊಡುತ್ತದೆ. ಚಾಕೊಲೇಟಿನ ಮೂರರಲ್ಲಿ ಎರಡು ಪಾಲನ್ನು ಬಟ್ಟಲಿಗೆ ಹಾಕಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು 45 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿಸಿ. ಕೆಳಗಿಳಿಸಿ ಉಳಿದ ಪಾಲಿನ ಚೂರುಗಳನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, ಕೈಬಿಡದೆ ಕಲಕುತ್ತ 28 ಡಿಗ್ರಿಗೆ ತನ್ನಿ. ಮತ್ತೆ ಹದವಾಗಿ ಬಿಸಿ ತಾಗಿಸಿ 31 ಡಿಗ್ರಿಗೆ ಏರಿಸಿ ನಿಲ್ಲಿಸಿ. 33 ಡಿಗ್ರಿ ದಾಟಿದರೆ ಬೇಕಾದ ಹರಳುಗಳೂ ಕರಗತೊಡಗುವುದರಿಂದ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಚಾಕುವಿನ ತುದಿಯನ್ನು ಅದ್ದಿಟ್ಟಾಗ ಐದಾರು ನಿಮಿಷದಲ್ಲಿ ಹೊಳಪಿನಿಂದ ಗಟ್ಟಿಯಾದರೆ ಹದ ಬಂದಿದೆ ಎಂದು ತಿಳಿಯಬಹುದು. ಒಂದು ಹನಿ ನೀರು ಅಥವಾ ಹಬೆ ಬಿದ್ದರೂ ಚಾಕೊಲೇಟ್ ಗಂಟುಗಟ್ಟುತ್ತದೆ, ಹಾಗಾಗಿ ಬಟ್ಟಲಿನ ಅಡಿಯನ್ನು ಒರೆಸಲು ಮರೆಯಬಾರದು. ತೆಳುವಾಗಲೆಂದು ಕೊಬ್ಬರಿ ಎಣ್ಣೆ ಬೆರೆಸುವ ಸಲಹೆಯನ್ನು ಹಲವರು ಕೊಡುತ್ತಾರೆ. ಅದು ಕೋಕೋ ಬೆಣ್ಣೆಯನ್ನು ಮೆದುವಾಗಿಸುತ್ತದೆ, ಹೂರಣದಲ್ಲಿರುವ ಎಣ್ಣೆಯೇ ಕಾಲಕ್ರಮದಲ್ಲಿ ಹೊದಿಕೆಗೆ ಇಳಿಯುವುದರಿಂದ ಮತ್ತಷ್ಟು ಸೇರಿಸುವುದು ಬೇಡ.

ಫ್ರಿಜ್ಜಿನಿಂದ ತೆಗೆದ ಉಂಡೆಗಳನ್ನು ಹತ್ತು ನಿಮಿಷ ಹೊರಗಿರಿಸಿ, ಇಲ್ಲದಿದ್ದರೆ ಚಳಿ ಬಿಟ್ಟಾಗ ಹೊದಿಕೆ ಸೀಳುತ್ತದೆ. ಒಂದೊಂದನ್ನೇ ಮುಳ್ಳುಚಮಚದಿಂದ ಅದ್ದಿ ಎತ್ತಿ, ಬಟ್ಟಲಿನ ಅಂಚಿಗೆ ಎರಡು ಬಾರಿ ತಟ್ಟಿ, ಬಟರ್ ಪೇಪರಿನ ಮೇಲೆ ಇಳಿಸಿ. ಬೌಂಟಿಯ ಮೇಲಿನ ಅಲೆಗಳು ಬೇಕೆಂದರೆ ಗಟ್ಟಿಯಾಗುವ ಮುನ್ನ ಮುಳ್ಳುಚಮಚದ ಬೆನ್ನನ್ನು ತಾಗಿಸಿ ಎತ್ತಿದರಾಯಿತು. ಬಾಟಲಿಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವ ಡಿಸೆಂಬರ್ ಬೆಳಗುಗಳೇ ಈ ಕೆಲಸಕ್ಕೆ ಹೇಳಿಮಾಡಿಸಿದ ಕಾಲ. ಸಕಲೇಶಪುರದ ಮಳೆಗಾಲದಲ್ಲಿ ಮಾಡುವವರು ಬಾರ್‌ಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಗೆ ತುಂಬಿಯೇ ತಂಪಿನಲ್ಲಿಡಬೇಕು, ಏಕೆಂದರೆ ತೇವ ಕೂತು ಆರಿದಾಗ ಮೇಲ್ಮೈಯಲ್ಲಿ ಸಕ್ಕರೆ ಬೂದಿಯಂತೆ ಮೂಡುತ್ತದೆ. ಎರಡು ವಾರದೊಳಗೆ ತಿಂದು ಮುಗಿಸುವುದು ಲೇಸು.